ಹೊಸ ಪಿಸಿ ಆನ್ ಆಗುತ್ತೆ, ಆಫ್ ಆಗುತ್ತೆ, ಮತ್ತೆ ಆನ್ ಆಗುತ್ತೆ: ತಪ್ಪು ಹುಡುಕುವುದು ಎಲ್ಲಿಂದ?

ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿದ ಪಿಸಿ, ಬಟನ್ ಒತ್ತಿದಾಗ ಮಿಸುಕಾಡದೆ ಬಿದ್ದಿದ್ದರೆ ಅದು ಒಂದು ಲೆಕ್ಕಕ್ಕೆ ಸುಲಭದ ತೊಂದರೆ. ಎಲ್ಲೋ ಕರೆಂಟ್ ತಲುಪುತ್ತಿಲ್ಲ, ಹುಡುಕಿದರೆ ಸಿಗುತ್ತದೆ. ತಲೆ ತಿನ್ನುವುದು ಇನ್ನೊಂದು ಬಗೆಯದು. ಫ್ಯಾನ್ ತಿರುಗುತ್ತದೆ, ಲೈಟ್ ಹೊತ್ತುತ್ತದೆ, ಇನ್ನೇನು ಸ್ಕ್ರೀನ್ ಬಂತು ಎನ್ನುವಾಗ ಟಕ್ ಎಂದು ಆಫ್. ಸ್ವಲ್ಪ ಬಿಟ್ಟು ತಾನಾಗಿಯೇ ಆನ್. ಮತ್ತೆ ಆಫ್. ಏನೋ ಸರಿಯಿಲ್ಲ ಎಂಬುದೇನೋ ಗೊತ್ತಾಯಿತು, ಯಾವುದು ಎಂಬುದು ಗೊತ್ತಾಗುವುದಿಲ್ಲ.

ಆಗ ಹೆಚ್ಚಿನವರ ಕೈ ನೇರವಾಗಿ ರ‍್ಯಾಮ್ ಮೇಲೆ ಹೋಗುತ್ತದೆ. ಕಿತ್ತು ಹಾಕುತ್ತಾರೆ, ಉಜ್ಜಿ ಹಾಕುತ್ತಾರೆ, ಜಾಗ ಬದಲಿಸುತ್ತಾರೆ. ಆಗಲಿಲ್ಲವೆಂದರೆ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯವನಿಗೆ ಫೋನ್. ಅವನು ‘ಎಸ್‌ಎಂಪಿಎಸ್ ಚೇಂಜ್ ಮಾಡಿ ನೋಡಿ ಸಾರ್’ ಎನ್ನುತ್ತಾನೆ. ಎಸ್‌ಎಂಪಿಎಸ್ ಎಂದರೆ ಗೋಡೆಯ ಕರೆಂಟನ್ನು ಪಿಸಿಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸಿ ಕೊಡುವ ಡಬ್ಬಿ. ನೋಡಲು ಮನೆಯಲ್ಲಿ ಇನ್ನೊಂದು ಎಸ್‌ಎಂಪಿಎಸ್ ಯಾರ ಬಳಿ ಇರುತ್ತದೆ?

ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮೊದಲು ಮೊಬೈಲಿನ ಸ್ಟಾಪ್‌ವಾಚ್ ತೆಗೆಯಿರಿ. ಬಟನ್ ಒತ್ತಿದ ಎಷ್ಟನೇ ಸೆಕೆಂಡಿಗೆ ಆಫ್ ಆಗುತ್ತದೆ, ಪ್ರತಿ ಸಲವೂ ಅಷ್ಟೇ ಹೊತ್ತಿಗೋ ಅಥವಾ ಹೆಚ್ಚುಕಡಿಮೆಯೋ, ಆ ಗಳಿಗೆಯಲ್ಲಿ ಮದರ್‌ಬೋರ್ಡಿನ (ಎಲ್ಲ ಭಾಗಗಳೂ ಕೂರುವ ದೊಡ್ಡ ಹಲಗೆ, ಮುಂದೆ ಬರೀ ಬೋರ್ಡು) ಯಾವ ಲೈಟ್ ಉರಿಯುತ್ತಿತ್ತು, ಬರೆದುಕೊಳ್ಳಿ. ಕಂಪ್ಯೂಟರ್ ಏಳುವುದು ಒಂದು ಕಟ್ಟುನಿಟ್ಟಾದ ಸರದಿಯಲ್ಲಿ. ಒಂದು ಕೆಲಸ ಮುಗಿಯದೆ ಮುಂದಿನದು ಶುರುವಾಗುವುದಿಲ್ಲ. ಹಾಗಾಗಿ ಎಲ್ಲಿ ಬಿತ್ತು ಎಂಬುದಕ್ಕಿಂತ ಮೊದಲು ಯಾವಾಗ ಬಿತ್ತು ಎಂಬುದು ತಿಳಿದರೆ ಅರ್ಧ ಹುಡುಕಾಟ ಅಲ್ಲಿಗೇ ಮುಗಿಯುತ್ತದೆ.

ಬಟನ್ ಒತ್ತಿದ ಮೇಲೆ ಏನಾಗುತ್ತದೆ

ಗೋಡೆಯ ಸ್ವಿಚ್ ಹಾಕಿದ ಕ್ಷಣದಿಂದಲೇ, ಪಿಸಿ ಆಫ್ ಇದ್ದರೂ, ಎಸ್‌ಎಂಪಿಎಸ್ ಒಂದು ಸಣ್ಣ 5 ವೋಲ್ಟ್ ಧಾರೆಯನ್ನು ಮದರ್‌ಬೋರ್ಡಿಗೆ ಕೊಡುತ್ತಿರುತ್ತದೆ. ಬಟನ್ ಒತ್ತಿದಾಗ ಬೋರ್ಡು 24 ಪಿನ್ ಕೇಬಲ್ಲಿನ ಒಂದು ತಂತಿಯ ಮೂಲಕ ‘ಶುರು ಮಾಡು’ ಎಂದು ಎಸ್‌ಎಂಪಿಎಸ್‌ಗೆ ಹೇಳುತ್ತದೆ. ಬಣ್ಣದ ತಂತಿಗಳ ಹಳೆಯ ಎಸ್‌ಎಂಪಿಎಸ್‌ಗಳಲ್ಲಿ ಅದು ಹಸಿರು ತಂತಿ, ಈಗಿನ ಹಲವುಗಳಲ್ಲಿ ಎಲ್ಲವೂ ಕಪ್ಪು. ಎಸ್‌ಎಂಪಿಎಸ್ 12, 5 ಮತ್ತು 3.3 ವೋಲ್ಟ್ ಹೊರಡಿಸಿ, ಅವು ಸ್ಥಿರವಾದವೆಂದು ಖಾತ್ರಿ ಮಾಡಿಕೊಂಡು, 100ರಿಂದ 500 ಮಿಲಿಸೆಕೆಂಡ್ ಒಳಗೆ ಇನ್ನೊಂದು ತಂತಿಯಲ್ಲಿ ‘ಪವರ್ ಗುಡ್’ ಎಂಬ ಸಂಕೇತ ಕಳಿಸುತ್ತದೆ. ಅದು ಬರುವವರೆಗೂ ಬೋರ್ಡು ಪ್ರೊಸೆಸರನ್ನು ಅಲುಗಾಡಲು ಬಿಡುವುದಿಲ್ಲ.

ಈ ಪವರ್ ಗುಡ್ ಒಮ್ಮೆ ಹೇಳಿ ಮರೆಯುವ ಮಾತಲ್ಲ. ಪಿಸಿ ಓಡುತ್ತಿರುವಷ್ಟೂ ಹೊತ್ತು ಆ ಸಂಕೇತ ನಿಂತಿರಬೇಕು. 12 ವೋಲ್ಟ್ ಎಂಬುದಕ್ಕೆ ಸಾಮಾನ್ಯವಾಗಿ ಶೇ. 5ರಷ್ಟು ಏರಿಳಿತದ ಅವಕಾಶವಿದೆ, ಅಂದರೆ 11.4ರಿಂದ 12.6. ಪ್ರೊಸೆಸರ್ ಅಥವಾ ಗ್ರಾಫಿಕ್ಸ್ ಕಾರ್ಡ್ ಒಮ್ಮೆಲೇ ಹೆಚ್ಚು ಎಳೆದು ವೋಲ್ಟೇಜ್ ಕುಸಿದರೆ ಎಸ್‌ಎಂಪಿಎಸ್ ಆ ಸಂಕೇತವನ್ನು ಹಿಂತೆಗೆದುಕೊಳ್ಳುತ್ತದೆ, ಬೋರ್ಡು ರೀಸೆಟ್ ಆಗುತ್ತದೆ. ಭಾರ ಇಳಿದ ಕೂಡಲೇ ವೋಲ್ಟೇಜ್ ಮತ್ತೆ ಸರಿ, ಮತ್ತೆ ಶುರು. ತಾನೇ ತಾನಾಗಿ ಆನ್-ಆಫ್ ಆಡುವ ಎಷ್ಟೋ ಪಿಸಿಗಳ ಗುಟ್ಟು ಇಷ್ಟೇ.

ಕರೆಂಟ್ ಪಾಸಾದ ಮೇಲೆ ಪ್ರೊಸೆಸರ್ ಎದ್ದು ಬಯಾಸ್ (ಪಿಸಿಯನ್ನು ಎಬ್ಬಿಸುವ ಮೊದಲ ತಂತ್ರಾಂಶ) ಇರುವ ಚಿಪ್ಪಿನಿಂದ ಆದೇಶ ಓದಲು ತೊಡಗುತ್ತದೆ. ರ‍್ಯಾಮ್ ಗುರುತಿಸುತ್ತದೆ, ಗ್ರಾಫಿಕ್ಸ್ ಹುಡುಕುತ್ತದೆ, ಆಮೇಲೆ ಫೈಲುಗಳಿರುವ ಎಸ್‌ಎಸ್‌ಡಿ, ಕೊನೆಗೆ ವಿಂಡೋಸ್. ಈ ಸ್ವಯಂತಪಾಸಣೆಗೆ ಪೋಸ್ಟ್ ಎನ್ನುತ್ತಾರೆ. 1981ರ ಐಬಿಎಂ ಪಿಸಿಯಲ್ಲೂ ಇದಿತ್ತು. ತಪಾಸಣೆ ಸುಸೂತ್ರವಾಗಿ ಮುಗಿದರೆ ಒಂದು ಬೀಪ್. ಈಗ ಆ ಸ್ಪೀಕರ್ ಬಾಕ್ಸಿನಲ್ಲಿ ಬರುವುದೇ ಅಪರೂಪ. ಅದರ ಬದಲು ಬೋರ್ಡಿನ ಅಂಚಿನಲ್ಲಿ ನಾಲ್ಕು ಸಣ್ಣ ಲೈಟುಗಳಿರುತ್ತವೆ, ಪಕ್ಕದಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ (ಕ್ರಮವಾಗಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ವಿಂಡೋಸ್ ಇರುವ ಡಿಸ್ಕ್) ಎಂದು ಅಚ್ಚಾಗಿರುತ್ತದೆ. ತಪಾಸಣೆ ಯಾವ ಮನೆಯಲ್ಲಿ ನಿಂತಿದೆಯೋ ಆ ಲೈಟ್ ಉರಿಯುತ್ತದೆ. ಕ್ಯಾಬಿನೆಟ್ಟಿನ ಗಾಜು ತೆಗೆದು, ಕೋಣೆಯ ದೀಪ ಆರಿಸಿ, ಈ ನಾಲ್ಕನ್ನೇ ನೋಡುತ್ತಾ ಕುಳಿತುಕೊಳ್ಳಿ. ಬಣ್ಣಬಣ್ಣದ ಆರ್‌ಜಿಬಿ ಮಿಂಚಿನ ನಡುವೆ ಇವು ಕಣ್ಣಿಗೆ ಬೀಳುವುದೇ ಇಲ್ಲ. ಎಲ್ಲಕ್ಕಿಂತ ಅಗ್ಗದ ಬೋರ್ಡುಗಳಲ್ಲಿ ಇವಿಲ್ಲದಿರುವುದೂ ಉಂಟು.

ತಪ್ಪೇ ಅಲ್ಲದ ರೀಸ್ಟಾರ್ಟ್

ಮುಂದೆ ಹೋಗುವ ಮೊದಲು ಇದೊಂದು ಗೊತ್ತಿರಬೇಕು. ಡಿಡಿಆರ್5 ಎಂಬ ಈಗಿನ ತಲೆಮಾರಿನ ರ‍್ಯಾಮ್ ಇರುವ ಹೊಸ ಪಿಸಿ ಮೊದಲ ಸಲ ಆನ್ ಆದಾಗ ನಿಮಿಷಗಟ್ಟಲೆ ಕಪ್ಪು ಪರದೆ ತೋರಿಸಿ, ನಡುವೆ ಒಂದೆರಡು ಸಲ ತಾನೇ ರೀಸ್ಟಾರ್ಟ್ ಆಗುವುದು ಸಹಜ. ರ‍್ಯಾಮ್ ಮತ್ತು ಪ್ರೊಸೆಸರ್ ನಡುವೆ ಸಂಕೇತಗಳು ಸೆಕೆಂಡಿಗೆ ನೂರಾರು ಕೋಟಿ ಸಲ ಓಡಾಡುತ್ತವೆ. ಬೋರ್ಡಿನ ಮೇಲಿನ ಗೆರೆಗಳ ಉದ್ದದಲ್ಲಿ ಕೂದಲೆಳೆಯ ವ್ಯತ್ಯಾಸವಿದ್ದರೂ ಒಂದು ಸಂಕೇತ ಬೇಗ, ಇನ್ನೊಂದು ತಡ. ಪ್ರತಿ ಗೆರೆಗೂ ಸರಿಯಾದ ಸಮಯ ಮತ್ತು ವೋಲ್ಟೇಜ್ ಯಾವುದೆಂದು ಬಯಾಸ್ ಪ್ರಯೋಗ ಮಾಡಿ ಕಂಡುಕೊಳ್ಳಬೇಕು. ಮೆಮೊರಿ ಟ್ರೈನಿಂಗ್ ಎನ್ನುವುದು ಇದಕ್ಕೇ. ವೀಣೆಯ ತಂತಿಗಳನ್ನು ಒಂದೊಂದಾಗಿ ಮೀಟಿ ಶ್ರುತಿ ಕೂಡಿಸಿದ ಹಾಗೆ. ಅದು ಮುಗಿಯದೆ ಕಛೇರಿ ಶುರುವಾಗದು.

2022ರ ಸೆಪ್ಟೆಂಬರಿನಲ್ಲಿ ಎಎಂಡಿ ಕಂಪನಿಯ ರೈಜೆನ್ 7000 ಸರಣಿಯ ಪ್ರೊಸೆಸರುಗಳು ಎಎಂ5 ಎಂಬ ಹೊಸ ಸಾಕೆಟ್ಟಿನ ಬೋರ್ಡುಗಳೊಂದಿಗೆ ಬಂದಾಗ ಈ ಕಾಯುವಿಕೆ ತಿಳಿಯದೆ ಗಾಬರಿಬಿದ್ದವರು ಬಹಳ. 64 ಜಿಬಿ ಹಾಕಿದರೆ 16 ಜಿಬಿಗಿಂತ ಹೆಚ್ಚು ಹೊತ್ತು. ಗಾಬರಿಯಲ್ಲಿ ಪ್ಲಗ್ ಕಿತ್ತರೆ ಶ್ರುತಿ ಮತ್ತೆ ಮೊದಲಿನಿಂದ. ಐದು ನಿಮಿಷಕ್ಕೊಮ್ಮೆ ತಾಳ್ಮೆ ಕಳೆದುಕೊಂಡು ಬಟನ್ ಒತ್ತುತ್ತಿದ್ದರೆ ದಿನವಿಡೀ ಅದೇ ಆಟ. ಆದ್ದರಿಂದ ಮೊದಲ ಸಲ ಡಿರ‍್ಯಾಮ್ ಲೈಟ್ ಉರಿಯುತ್ತಿದ್ದರೆ ಮುಟ್ಟಬೇಡಿ. ಕಾಫಿ ಮಾಡಿಕೊಂಡು ಬನ್ನಿ, ಕಾಲು ಗಂಟೆ ಬಿಡಿ.

ಟ್ರೈನಿಂಗಿಗೂ ನಿಜವಾದ ತೊಂದರೆಗೂ ವ್ಯತ್ಯಾಸ ಸ್ಟಾಪ್‌ವಾಚಿನಲ್ಲೇ ಸಿಗುತ್ತದೆ. ಟ್ರೈನಿಂಗಿನಲ್ಲಿ ಪಿಸಿ ದೀರ್ಘ ಹೊತ್ತು ಆನ್ ಇರುತ್ತದೆ, ರೀಸ್ಟಾರ್ಟ್ ಕೆಲವೇ ಸಲ, ಕೊನೆಗೆ ಪರದೆ ಬರುತ್ತದೆ. ತೊಂದರೆ ಇದ್ದರೆ ಅದೇ ಅಂತರದಲ್ಲಿ ಅದೇ ಆಟ, ಕೊನೆಯಿಲ್ಲದೆ.

ಒಂದೆರಡು ಸೆಕೆಂಡಿಗೇ ಬಿದ್ದರೆ

ಇಷ್ಟು ಬೇಗ ಬಿದ್ದರೆ ರ‍್ಯಾಮ್, ಎಸ್‌ಎಸ್‌ಡಿ, ವಿಂಡೋಸ್ ಯಾವುದನ್ನೂ ಯೋಚಿಸಬೇಡಿ. ಇದು ಕರೆಂಟಿನ ವಿಷಯ.

ಮೊದಲು ಪ್ರೊಸೆಸರ್ ಪಕ್ಕದಲ್ಲಿರುವ 8 ಪಿನ್ ಕೇಬಲ್. ಬೋರ್ಡಿನ ಮೇಲಿನ ಮೂಲೆಯಲ್ಲಿ, ಕೂಲರ್ ಕೂರಿಸಿದ ಮೇಲೆ ಕೈ ಹೋಗದ ಜಾಗದಲ್ಲಿರುತ್ತದೆ, ಹಾಗಾಗಿ ಅರ್ಧ ಕೂತಿರುತ್ತದೆ. ಕ್ಲಿಪ್ ಕಚ್ಚಿಕೊಂಡ ಸದ್ದು ಬರುವವರೆಗೆ ಒತ್ತಬೇಕು. ಗ್ರಾಫಿಕ್ಸ್ ಕಾರ್ಡಿನ 8 ಪಿನ್ ಕೇಬಲ್ಲೂ ನೋಡಲು ಹೀಗೇ ಇರುತ್ತದೆ, ಆದರೆ ಒಳಗೆ 12 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲು. ಪಿನ್ನುಗಳ ಆಕಾರ ಬೇರೆಯಾದ್ದರಿಂದ ಸುಲಭಕ್ಕೆ ಒಳಹೋಗದು. ಬಲಪ್ರಯೋಗ ಮಾಡಬೇಕಾಯಿತೆಂದರೆ ಅದು ತಪ್ಪು ಕೇಬಲ್ ಎಂದೇ ಅರ್ಥ.

ಮಾಡ್ಯುಲರ್ (ಕೇಬಲ್‌ಗಳನ್ನು ಕಿತ್ತು ಹಾಕಬಹುದಾದ) ಎಸ್‌ಎಂಪಿಎಸ್ ಇರುವವರಿಗೆ ಇನ್ನೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಳೆಯ ಎಸ್‌ಎಂಪಿಎಸ್‌ನ ಕೇಬಲನ್ನು ಹೊಸದಕ್ಕೆ ಸಿಕ್ಕಿಸಬಾರದು. ಬೋರ್ಡಿನ ಕಡೆಯ ತುದಿಗೆ ಮಾನದಂಡವಿದೆ, ಎಸ್‌ಎಂಪಿಎಸ್ ಕಡೆಯ ತುದಿಗೆ ಇಲ್ಲ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆಬೇರೆ ಇರಬಹುದು. 5 ವೋಲ್ಟ್ ಹೋಗಬೇಕಾದ ಕಡೆ 12 ಹೋದರೆ ಹೊಸ ಎಸ್‌ಎಸ್‌ಡಿ ಅಲ್ಲೇ ಸುಟ್ಟುಹೋಗುತ್ತದೆ.

ಆಮೇಲೆ ಶಾರ್ಟ್ ಸರ್ಕ್ಯೂಟ್. ಕ್ಯಾಬಿನೆಟ್ಟಿನ ತಗಡಿಗೆ ಬೋರ್ಡು ತಾಗದಂತೆ ಎತ್ತಿ ಹಿಡಿಯುವ ಹಿತ್ತಾಳೆಯ ಸಣ್ಣ ಗುಬುಟುಗಳಿರುತ್ತವಲ್ಲ, ಬೋರ್ಡಿನಲ್ಲಿ ತೂತಿಲ್ಲದ ಕಡೆ ಅಂಥದ್ದೊಂದು ಉಳಿದಿದ್ದರೆ ಅದು ಬೋರ್ಡಿನ ಬೆನ್ನಿಗೆ ನೇರ ತಾಗುತ್ತದೆ. ದೊಡ್ಡ ಎಟಿಎಕ್ಸ್ ಬೋರ್ಡಿಗೆಂದು ಕಂಪನಿಯವರೇ ಹಾಕಿಟ್ಟ ಗುಬುಟನ್ನು ಮೈಕ್ರೋ ಎಟಿಎಕ್ಸ್ ಬೋರ್ಡು ಕೂರಿಸುವಾಗ ತೆಗೆಯದೆ ಬಿಡುವುದು ಮಾಮೂಲಿ. ಕೆಳಗೆ ಬಿದ್ದ ಒಂದು ಸ್ಕ್ರೂ ಸಹ ಇದೇ ಕೆಲಸ ಮಾಡಬಲ್ಲದು. ಜೋರಾದ ಶಾರ್ಟ್ ಇದ್ದರೆ ಒಳ್ಳೆಯ ಎಸ್‌ಎಂಪಿಎಸ್ ಒಂದು ಸಲ ಟಿಕ್ ಎಂದು ಮುಷ್ಕರ ಹೂಡಿಬಿಡುತ್ತದೆ, ಕೇಬಲ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಹಾಕುವವರೆಗೆ ಏಳುವುದಿಲ್ಲ.

ಪ್ರತಿ ಸಲ ಸರಿಯಾಗಿ ನಾಲ್ಕೈದು ಸೆಕೆಂಡಿಗೆ ಆಫ್ ಆಗುತ್ತಿದೆಯೇ? ಹಾಗಿದ್ದರೆ ಪವರ್ ಬಟನ್ನನ್ನೇ ಅನುಮಾನಿಸಿ. ಬಟನ್ನನ್ನು ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಯಾವ ಪಿಸಿಯೂ ಆಫ್ ಆಗಲೇಬೇಕು. ಅಗ್ಗದ ಕ್ಯಾಬಿನೆಟ್ಟಿನ ಬಟನ್ ಒಳಗೇ ಸಿಕ್ಕಿಕೊಂಡರೆ ಬೋರ್ಡು ನೀವೇ ಒತ್ತಿ ಹಿಡಿದಿದ್ದೀರಿ ಎಂದು ತಿಳಿಯುತ್ತದೆ. ರೀಸೆಟ್ ಬಟನ್ ಸಿಕ್ಕಿಕೊಂಡರಂತೂ ಪಿಸಿ ಏಳುವುದೇ ಇಲ್ಲ. ಮುಂಭಾಗದ ಬಟನ್ನುಗಳ ಎರಡೂ ವೈರ್ ಕಿತ್ತು, ಪವರ್ ಸ್ವಿಚ್‌ನ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರ್ ತುದಿ ಒಂದು ಕ್ಷಣ ತಾಗಿಸಿ ತೆಗೆಯಿರಿ. ಹೀಗೆ ಆನ್ ಮಾಡಿದಾಗ ಪಿಸಿ ನಿಂತರೆ, ಸಾವಿರಾರು ರೂಪಾಯಿಯ ಭಾಗಗಳೆಲ್ಲ ನೆಟ್ಟಗಿವೆ, ಹತ್ತಿಪ್ಪತ್ತು ರೂಪಾಯಿಯ ಬಟನ್ ಕೈಕೊಟ್ಟಿದೆ.

ಮನೆಯ ಕರೆಂಟನ್ನೂ ಮರೆಯಬೇಡಿ. 600 ವಿಎ ಎಂದು ಬರೆದ ಸಾಮಾನ್ಯ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಗ್ರಾಫಿಕ್ಸ್ ಕಾರ್ಡ್ ಇರುವ ಪಿಸಿ ಮತ್ತು ಮಾನಿಟರ್ ಸೇರಿ ಅದನ್ನು ದಾಟುವುದು ಕಷ್ಟವಲ್ಲ. ಪರೀಕ್ಷೆ ಮಾಡುವಾಗ ಯುಪಿಎಸ್, ಎಕ್ಸ್‌ಟೆನ್ಷನ್ ಬೋರ್ಡ್ ಎಲ್ಲ ಬಿಟ್ಟು ಅರ್ಥಿಂಗ್ ಇರುವ ಗೋಡೆಯ ಸಾಕೆಟ್ಟಿಗೆ ನೇರ ಹಾಕಿ.

ಎಸ್‌ಎಂಪಿಎಸ್ ಮೇಲಿರುವ 80 ಪ್ಲಸ್ ಗುರುತು ಅದು ಎಷ್ಟು ಕರೆಂಟ್ ಪೋಲು ಮಾಡುತ್ತದೆ ಎಂಬುದರ ಅಳತೆ, ಬಾಳಿಕೆಯ ಭರವಸೆಯಲ್ಲ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್ ಮೇಲೆ 500 ವ್ಯಾಟ್ ಎಂದು ಬರೆದಿದ್ದರೆ ನಾನಂತೂ ನಂಬುವುದಿಲ್ಲ. ಏನೇ ಇದ್ದರೂ ಎಸ್‌ಎಂಪಿಎಸ್‌ನ ಡಬ್ಬಿ ಬಿಚ್ಚಬೇಡಿ. ಒಳಗಿನ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟ್ ಉಳಿದಿರಬಹುದು.

ಹತ್ತು ಇಪ್ಪತ್ತು ಸೆಕೆಂಡ್, ಆದರೂ ಪರದೆ ಇಲ್ಲ

ಹೊಸ ಪಿಸಿಗಳ ಹೆಚ್ಚಿನ ರಗಳೆ ಇರುವುದು ಇಲ್ಲಿ, ಅದರಲ್ಲೂ ಡಿರ‍್ಯಾಮ್ ಲೈಟಿನಲ್ಲಿ. ಎರಡೇ ರ‍್ಯಾಮ್ ಇದ್ದರೆ ನಾಲ್ಕು ಸ್ಲಾಟುಗಳ ಬೋರ್ಡಿನಲ್ಲಿ ಅವು ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿದಾಗ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿರಬೇಕು. ಬೋರ್ಡಿನ ಮೇಲೆ ಎ2, ಬಿ2 ಎಂದಿರುತ್ತದೆ. ಒಂದೇ ಕಡೆ ಚಿಲಕ ಇರುವ ಸ್ಲಾಟುಗಳಲ್ಲಿ ಚಿಲಕವಿಲ್ಲದ ತುದಿ ಅರ್ಧ ಮಿಲಿಮೀಟರ್ ಮೇಲೆದ್ದಿದ್ದರೂ ಗೊತ್ತಾಗುವುದಿಲ್ಲ. ಹೆಬ್ಬೆರಳಿಟ್ಟು ಒತ್ತಿ, ಬೋರ್ಡು ಕೊಂಚ ಬಗ್ಗುವಷ್ಟು ಒತ್ತಡ ಬೇಕಾಗುತ್ತದೆ, ಹೆದರಬೇಡಿ. ಅಷ್ಟಾಗಿಯೂ ಏಳದಿದ್ದರೆ ಒಂದೇ ಒಂದನ್ನು ಎ2ನಲ್ಲಿ ಹಾಕಿ ನೋಡಿ, ಆಮೇಲೆ ಇನ್ನೊಂದನ್ನು ಅದೇ ಜಾಗದಲ್ಲಿ.

ಪಿಸಿ ಮೊದಲು ಚೆನ್ನಾಗಿಯೇ ಎದ್ದು, ಬಯಾಸ್‌ನಲ್ಲಿ ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿದ ಮೇಲೆ ಈ ಆಟ ಶುರುವಾಯಿತೇ? ಹಾಗಾದರೆ ಯಾವ ಭಾಗವೂ ಕೆಟ್ಟಿಲ್ಲದಿರಬಹುದು. ರ‍್ಯಾಮ್ ಡಬ್ಬಿಯ ಮೇಲಿನ 6000 ಎಂಬ ಸಂಖ್ಯೆ ಓವರ್‌ಕ್ಲಾಕಿನ, ಅಂದರೆ ಮಾಮೂಲಿಗಿಂತ ಜೋರಾಗಿ ಓಡಿಸುವ ವೇಗ. ಅಂಥ ರ‍್ಯಾಮ್ ಸಾಮಾನ್ಯವಾಗಿ ತಾನಾಗಿ ಏಳುವುದು 4800ರ ಆಸುಪಾಸಿನಲ್ಲಿ. ರೈಜೆನ್ 7000ಕ್ಕೆ ಎಎಂಡಿ ಅಧಿಕೃತವಾಗಿ ಒಪ್ಪಿಕೊಂಡಿರುವುದು ಎರಡು ರ‍್ಯಾಮ್‌ಗೆ 5200, ನಾಲ್ಕು ಸ್ಲಾಟೂ ತುಂಬಿದರೆ ಬರೀ 3600. ಚೆಂದ ಕಾಣಲೆಂದು ನಾಲ್ಕೂ ತುಂಬಿಸಿ ಆಮೇಲೆ 6000 ಬೇಕೆಂದರೆ ಪ್ರೊಸೆಸರ್ ಒದ್ದಾಡುತ್ತದೆ. ಹಲವು ಬೋರ್ಡುಗಳು ಕೆಲವು ಸಲ ಸೋತು ತಾವೇ ಕಡಿಮೆ ವೇಗಕ್ಕೆ ಇಳಿಯುತ್ತವೆ. ಇಳಿಯದಿದ್ದರೆ ಸಿಮಾಸ್ (ಬಯಾಸ್ ಸೆಟ್ಟಿಂಗುಗಳ ನೆನಪು) ಅಳಿಸಿ: ಪ್ಲಗ್ ಕಿತ್ತು, ಬೋರ್ಡಿನ ಗುಂಡು ಬ್ಯಾಟರಿಯನ್ನು (ಸಿಆರ್2032, ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ) ಐದು ನಿಮಿಷ ತೆಗೆದಿಡಿ. ಮತ್ತೆ ಹಾಕಿದಾಗ ಟ್ರೈನಿಂಗ್ ಮೊದಲಿನಿಂದ ನಡೆಯುತ್ತದೆ, ಕಾಯಬೇಕು.

ರ‍್ಯಾಮ್ ಬದಲಿಸಿ ತಂದರೂ ಡಿರ‍್ಯಾಮ್ ಲೈಟ್ ಆರದಿದ್ದರೆ, ಎತ್ತಿಗೆ ಜ್ವರ ಬಂದು ಎಮ್ಮೆಗೆ ಬರೆ ಎಳೆಯುತ್ತಿದ್ದೇವೆಯೇ ಎಂದು ನೋಡಿಕೊಳ್ಳಬೇಕು. ರ‍್ಯಾಮ್ ನಿಯಂತ್ರಿಸುವ ಸರ್ಕ್ಯೂಟ್ ಇರುವುದು ಪ್ರೊಸೆಸರ್ ಒಳಗೆ. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ಟಿನಲ್ಲಿ 1700 ಪಿನ್ನುಗಳು, ಎಎಂ5ನಲ್ಲಿ 1718. ಅವುಗಳಲ್ಲೊಂದು ಬಾಗಿದ್ದರೂ ಒಂದು ಕಡೆಯ ರ‍್ಯಾಮ್ ಸ್ಲಾಟುಗಳು ಪೂರಾ ಸತ್ತಂತಾಗಬಹುದು. ಕೂಲರಿನ ಸ್ಕ್ರೂಗಳನ್ನು ಒಂದು ಮೂಲೆಯಲ್ಲಿ ಬಿಗಿಯಾಗಿ, ಇನ್ನೊಂದರಲ್ಲಿ ಸಡಿಲವಾಗಿ ತಿರುಗಿಸಿದರೂ ಪ್ರೊಸೆಸರ್ ಓರೆಯಾಗಿ ಇದೇ ಲಕ್ಷಣ ಕಾಣಬಹುದು. ಕೂಲರ್ ತೆಗೆದು, ಪ್ರೊಸೆಸರ್ ಎತ್ತಿ, ಟಾರ್ಚನ್ನು ಓರೆಯಾಗಿ ಹಿಡಿದು ಸಾಕೆಟ್ ನೋಡಿ. ಎಲ್ಲ ಪಿನ್ನುಗಳ ತುದಿ ಒಂದೇ ಕಡೆಗೆ, ಒಂದೇ ಸಾಲಿನಲ್ಲಿ ಮಿನುಗಬೇಕು. ಎಲ್ಲಾದರೂ ಒಂದು ಚುಕ್ಕೆ ಸಾಲು ತಪ್ಪಿದ್ದರೆ ಅದೇ ಕಳ್ಳ.

ಸಿಪಿಯು ಲೈಟ್ ಉರಿಯುತ್ತಿದ್ದರೆ ಬಯಾಸ್ ಆವೃತ್ತಿ ಹಳೆಯದಿರಬಹುದು. ಬಿ450 ಬೋರ್ಡು ರೈಜೆನ್ 5000 ಪ್ರೊಸೆಸರುಗಳು ಬರುವ ಮೊದಲೇ ಮಾರುಕಟ್ಟೆಯಲ್ಲಿತ್ತು. ಹಾಗೆಯೇ 2023ರ ಅಕ್ಟೋಬರಿನಲ್ಲಿ ಬಂದ ಇಂಟೆಲ್ 14ನೇ ತಲೆಮಾರಿನ ಪ್ರೊಸೆಸರು, ಅದಕ್ಕಿಂತ ಮೊದಲು ತಯಾರಾಗಿ ಅಂಗಡಿಯ ಕಪಾಟಿನಲ್ಲಿ ಕುಳಿತಿದ್ದ ಬಿ660 ಬೋರ್ಡಿಗೆ ಅಪರಿಚಿತ. ಬೋರ್ಡ್ ಕಂಪನಿಯ ಜಾಲತಾಣದಲ್ಲಿ ಯಾವ ಪ್ರೊಸೆಸರಿಗೆ ಯಾವ ಬಯಾಸ್ ಎಂಬ ಪಟ್ಟಿ ಇರುತ್ತದೆ. ಹಿಂಬದಿಯಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ದರೆ ಪೆನ್‌ಡ್ರೈವ್‌ನಿಂದಲೇ, ಪಿಸಿ ಏಳದೆಯೂ, ಹೊಸದು ಹಾಕಬಹುದು. ಇಂಟೆಲ್ 13 ಮತ್ತು 14ನೇ ತಲೆಮಾರಿನ ದೊಡ್ಡ ಪ್ರೊಸೆಸರ್ ಹಾಕಿದವರು ಬಯಾಸ್ ಹೊಸದು ಮಾಡುವುದನ್ನು ಮುಂದೂಡಲೇಬಾರದು. ಹೆಚ್ಚಿನ ವೋಲ್ಟೇಜಿನಿಂದ ಅವು ಕ್ರಮೇಣ ಹಾಳಾಗುತ್ತಿದ್ದುದನ್ನು ತಡೆಯಲು ಇಂಟೆಲ್ 2024ರ ಆಗಸ್ಟಿನಿಂದ ತಿದ್ದುಪಡಿಗಳನ್ನು ಬಿಡುಗಡೆ ಮಾಡಿತು, ಅವು ಬರುವುದು ಬಯಾಸ್ ಮೂಲಕವೇ.

ಪರದೆ ಬಂದ ಮೇಲೆ ಬಿದ್ದರೆ

ಕಂಪನಿಯ ಲೋಗೊ ಕಂಡಿತೆಂದರೆ ದೊಡ್ಡ ಗಂಡಾಂತರ ಕಳೆಯಿತು. ಡಿಲೀಟ್ ಕೀ ಒತ್ತುತ್ತಾ ಬಯಾಸ್ ಒಳಗೆ ಹೋಗಿ, ಏನೂ ಮಾಡದೆ ಅರ್ಧ ಗಂಟೆ ಅಲ್ಲೇ ಬಿಡಿ. ಅಲ್ಲಿ ಪ್ರೊಸೆಸರಿನ ಶಾಖ ಕಾಣುತ್ತದೆ. ಅದು ನೋಡನೋಡುತ್ತಲೇ 90 ಡಿಗ್ರಿಯತ್ತ ಏರುತ್ತಿದ್ದರೆ ಕೂಲರ್ ಪ್ರೊಸೆಸರನ್ನು ಮುಟ್ಟಿಯೇ ಇಲ್ಲ. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಸುಲಿಯದೆ ಹಾಗೇ ಕೂರಿಸಿರುವ ಸಾಧ್ಯತೆಯೇ ಹೆಚ್ಚು. ಈಗಿನ ಪ್ರೊಸೆಸರುಗಳು ಬಿಸಿಯಾದರೆ ಮೊದಲು ತಮ್ಮ ವೇಗ ಇಳಿಸಿಕೊಳ್ಳುತ್ತವೆ, ಅದೂ ಸಾಲದಾದಾಗ ಮಾತ್ರ ಆಫ್. ಹಾಗಾಗಿ ಪ್ರೊಸೆಸರ್ ಮತ್ತು ಕೂಲರ್ ನಡುವೆ ಹಚ್ಚುವ ಪೇಸ್ಟ್ ಬರೀ ಸ್ವಲ್ಪ ಕಡಿಮೆಯಾಯಿತೆಂದು ಶುರುವಿನಲ್ಲೇ ಪಿಸಿ ಬೀಳುವುದಿಲ್ಲ.

ಬಯಾಸ್‌ನಲ್ಲಿ ಅರ್ಧ ಗಂಟೆ ತಣ್ಣಗೆ ನಿಂತು, ವಿಂಡೋಸ್‌ನ ಚುಕ್ಕೆಗಳು ಸುತ್ತುವಾಗ ಬಿದ್ದರೆ ಎಸ್‌ಎಸ್‌ಡಿ, ಡ್ರೈವರ್ ಅಥವಾ ವಿಂಡೋಸ್ ಕಡೆ ತಿರುಗಿ. ಹಳೆಯ ಪಿಸಿಯ ವಿಂಡೋಸ್ ಇದ್ದ ಡಿಸ್ಕನ್ನೇ ಹೊಸದಕ್ಕೆ ಹಾಕಿದ್ದರೆ ಮತ್ತೇನೂ ಹುಡುಕದೆ ಹೊಸದಾಗಿ ಇನ್‌ಸ್ಟಾಲ್ ಮಾಡಿ. ನೀಲಿ ಪರದೆ ಮಿಂಚಿ ಮಾಯವಾಗುತ್ತಿದ್ದರೆ ರಿಕವರಿ ಪರದೆಯ ಸ್ಟಾರ್ಟಪ್ ಸೆಟ್ಟಿಂಗ್ಸ್‌ನಲ್ಲಿ, ತಾನೇ ರೀಸ್ಟಾರ್ಟ್ ಆಗುವುದನ್ನು ತಡೆಯುವ ಆಯ್ಕೆ ಇದೆ. ಅದನ್ನು ಆರಿಸಿದರೆ ಸಂದೇಶ ಓದುವಷ್ಟು ಹೊತ್ತು ನಿಲ್ಲುತ್ತದೆ. ಉಬುಂಟು (ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ತಂತ್ರಾಂಶ) ಹಾಕಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಒಂದು ಗಂಟೆ ವಿಡಿಯೊ ನೋಡಿ, ಅದು ನಿರಾತಂಕವಾಗಿ ಓಡಿದರೆ ಹಾರ್ಡ್‌ವೇರ್ ಮೇಲಿನ ಅನುಮಾನ ಬಹುಪಾಲು ಕಳೆಯಿತು. ರ‍್ಯಾಮ್ ಬಗ್ಗೆ ಇನ್ನೂ ಶಂಕೆಯಿದ್ದರೆ ಮೆಮ್‌ಟೆಸ್ಟ್86+ ಅನ್ನು ಹೀಗೇ ಪೆನ್‌ಡ್ರೈವ್‌ನಿಂದ ರಾತ್ರಿಯಿಡೀ ಓಡಿಸಿ. ಅದರಲ್ಲಿ ಒಂದೇ ಒಂದು ದೋಷ ಬಂದರೂ ಕಡೆಗಣಿಸುವಂತಿಲ್ಲ.

ವಿಂಡೋಸ್‌ನ ಆಗುಹೋಗುಗಳ ದಾಖಲೆಯಾದ ಈವೆಂಟ್ ವ್ಯೂವರ್ ತೆರೆದವರಿಗೆಲ್ಲ ‘ಕರ್ನಲ್-ಪವರ್ 41’ ಕಾಣುತ್ತದೆ. ಪವರ್ ಎಂದಿದೆಯಲ್ಲ ಎಂದು ಹೊಸ ಎಸ್‌ಎಂಪಿಎಸ್ ಕೊಂಡವರಿದ್ದಾರೆ. ಅದು ಹೇಳುವುದು ಪಿಸಿ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಎಂದಷ್ಟೇ. ಆ ಸಂಗತಿ ನಿಮಗೆ ಮೊದಲೇ ಗೊತ್ತು.

ಲಾಗಿನ್ ಪರದೆ ಬಂದು, ಗ್ರಾಫಿಕ್ಸ್ ಡ್ರೈವರ್ ಎದ್ದ ಗಳಿಗೆಗೇ ಬೀಳುವುದಾದರೆ ಮತ್ತೆ ಕರೆಂಟಿಗೆ ಬನ್ನಿ. ಎರಡು 8 ಪಿನ್ ಬೇಕಾದ ಕಾರ್ಡಿಗೆ ಒಂದೇ ಕೇಬಲ್ಲಿನ ಎರಡು ತಲೆಗಳನ್ನು ಸಿಕ್ಕಿಸಿದ್ದರೆ, ಎರಡು ಬೇರೆ ಕೇಬಲ್ ಹಾಕಿ.

ಏನೂ ತಿಳಿಯದಿದ್ದರೆ ಬಿಚ್ಚಿ

ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆದು ಅದರದೇ ರಟ್ಟಿನ ಡಬ್ಬಿಯ ಮೇಲಿಡಿ. ಅದು ಬಂದ ಆ್ಯಂಟಿಸ್ಟ್ಯಾಟಿಕ್ ಚೀಲದ ಮೇಲೆ ಇಡಬೇಡಿ, ಅದರ ಮೇಲ್ಮೈಯಲ್ಲಿ ಕರೆಂಟ್ ಹರಿಯಬಹುದು. ಪ್ರೊಸೆಸರ್, ಕೂಲರ್, ಒಂದೇ ರ‍್ಯಾಮ್, ಎಸ್‌ಎಂಪಿಎಸ್, ಇಷ್ಟೇ ಇರಲಿ. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಕಾರ್ಡೂ ಬೇಡ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಎಸ್‌ಎಸ್‌ಡಿ, ಯುಎಸ್‌ಬಿ ಸಾಧನಗಳು, ಆರ್‌ಜಿಬಿ ಹಬ್ ಎಲ್ಲ ಪಕ್ಕಕ್ಕೆ. ಇದು ಎದ್ದು ನಿಂತರೆ ಒಂದೊಂದಾಗಿ ಸೇರಿಸುತ್ತಾ ಬನ್ನಿ, ಪ್ರತಿ ಸಲವೂ ಪ್ಲಗ್ ಕಿತ್ತ ಮೇಲೆ. ಎರಡನ್ನು ಒಟ್ಟಿಗೆ ಸೇರಿಸಿದಿರೋ, ಯಾವುದರಿಂದ ಬಿತ್ತೆಂದು ಮತ್ತೆ ಗೊಂದಲ. ಹೊರಗೆ ಚೆನ್ನಾಗಿದ್ದು ಕ್ಯಾಬಿನೆಟ್ಟಿನೊಳಗೆ ಹೋದೊಡನೆ ಕೆಟ್ಟರೆ ಗುಬುಟು, ಬಟನ್ ವೈರ್ ಅಥವಾ ಮುಂಭಾಗದ ಯುಎಸ್‌ಬಿ ಕೇಬಲ್.

ಹೊರಗೂ ಏಳದಿದ್ದರೆ ಅನುಮಾನಕ್ಕೆ ಉಳಿದಿರುವುದು ಬೋರ್ಡು, ಪ್ರೊಸೆಸರ್, ರ‍್ಯಾಮ್, ಎಸ್‌ಎಂಪಿಎಸ್ ಈ ನಾಲ್ಕೇ ಭಾಗ, ಇನ್ನು ಬದಲಿ ಭಾಗ ಹಾಕಿಯೇ ನೋಡಬೇಕು. ಆಗ ಅಂಗಡಿಗೆ ಹೋಗಿ, ಆದರೆ ‘ಆನ್ ಆಗ್ತಿಲ್ಲ’ ಎಂದಷ್ಟೇ ಹೇಳಿ ಕೈಕಟ್ಟಿ ನಿಲ್ಲಬೇಡಿ. ‘ರಟ್ಟಿನ ಮೇಲಿಟ್ಟು, ಎ2ನಲ್ಲಿ ಒಂದೇ ರ‍್ಯಾಮ್ ಹಾಕಿದರೂ ಹದಿನೆಂಟನೇ ಸೆಕೆಂಡಿಗೆ ರೀಸ್ಟಾರ್ಟ್ ಆಗುತ್ತೆ, ಡಿರ‍್ಯಾಮ್ ಲೈಟ್, ಎರಡು ರ‍್ಯಾಮಲ್ಲೂ ಹೀಗೇ’ ಎಂದು ಹೇಳಿ ಮೊಬೈಲಿನ ವಿಡಿಯೊ ತೋರಿಸಿದರೆ ಮಾತಿನ ಧಾಟಿಯೇ ಬದಲಾಗುತ್ತದೆ. ಬೋರ್ಡನ್ನು ವಾರಂಟಿಗೆ ಕೊಡುವಾಗ ಸಾಕೆಟ್ ಮೇಲಿದ್ದ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಹಾಕಿಯೇ ಕೊಡಿ. ಕೊಡುವ ಮೊದಲು ಆ ಪಿನ್ನುಗಳ ಫೋಟೊ ಅಂಗಡಿಯವನ ಎದುರಿಗೇ ತೆಗೆದಿಟ್ಟುಕೊಳ್ಳಿ.